ಚಂದ್ರಾ ಲೇಔಟಿನ ಪಾಲಿಮರೇಸ್

ಕಣ್ಣಿಗೆ ಕಾಣದ ವಸ್ತುವಿನ ಮೇಲೆ ಪಿಎಚ್‌ಡಿ ಮಾಡೋರಿಗೆ ಇಂಥ ಪಜೀತಿಗಳು ಆಗ್ತಾನೇ ಇರ್ತವೆ. ನನಗಂತೂ ಆರು ವರ್ಷದಿಂದ ಬಿಡುವೇ ಸಿಕ್ಕಿಲ್ಲ. ನನ್ನ ವಸ್ತು ಬ್ಯಾಕ್ಟೀರಿಯಾದೊಳಗಿನ ಆರ್‌ಎನ್‌ಎ ಪಾಲಿಮರೇಸ್. ಡಿಎನ್‌ಎ ಓದಿಕೊಂಡು ಆರ್‌ಎನ್‌ಎ ನಕಲು ತೆಗೆಯೋ ಕಿಣ್ವ, ಒಂಥರಾ ಯಂತ್ರ ಅಂದ್ಕೊಳ್ಳಿ. ಅದರ ಒಂದೊಂದೇ ಭಾಗ ಕಿತ್ತು, ನಕಲು ಕೆಲಸ ಎಷ್ಟು ಕೆಡುತ್ತೆ ಅಂತ ನೋಡೋದು ನನ್ನ ಕೆಲಸ. ಕೊನೆಗೆ ಓಪನ್ ವೈವಾ, ಅಂದರೆ ಎಲ್ಲರೆದುರು ನಡೆಯೋ ಮೌಖಿಕ ಪರೀಕ್ಷೆ ಬಂತು. ಹೊರಗಿನ ಪರೀಕ್ಷಕರು ಒಪ್ಪದಿದ್ದರೆ ನನ್ನ ಕಥೆ ಮುಗೀತು. ನಮ್ಮ ಗೈಡ್ ಮುಂದಿನ ತಿಂಗಳು ನಿವೃತ್ತಿ. ಇನ್ನೊಬ್ಬರನ್ನ ಹುಡುಕಿ ಮತ್ತೆ ಮೊದಲಿಂದ ಶುರು ಮಾಡಬೇಕು.

ಮೊಸರು ಬಿಟ್ಟ ಓನರ್

ವೈವಾದಲ್ಲಿ ತೋರಿಸೋಕೆ ಪಾಲಿಮರೇಸ್‌ನ ದೊಡ್ಡ ಪ್ಲಾಸ್ಟಿಕ್ ಮಾದರಿ ಮಾಡಿಸಿ ಮನೆಗೆ ತಂದಿದ್ದೆ. ಡಿಎನ್‌ಎ ಹಿಡ್ಕೊಳ್ಳೋಕೆ ಅದಕ್ಕೆ ಏಡಿಗಿರೋ ಥರದ್ದೇ ಇಕ್ಕಳ. ನಾನು, ಅಮ್ಮ ಇರೋದು ಚಂದ್ರಾ ಲೇಔಟಿನ ಬಾಡಿಗೆ ಮನೇಲಿ. ಕೆಳಗಿರೋ ಓನರ್ ಅಂಕಲ್ ದಾವಣಗೆರೆ ಕಡೆಯವರು, ಮೊಟ್ಟೆ ತಿನ್ನೋರಿಗೂ ಮನೆ ಕೊಡಲ್ಲ. ನಲ್ಲಿ ರಿಪೇರಿ ನೋಡೋಕೆ ಬಂದವರು ಟೇಬಲ್ ಮುಂದೆ ನಿಂತುಬಿಟ್ಟರು. ಇದು ಏಡಿ ತಾನೆ ಅಂದರು. ಅಲ್ಲ ಅಂಕಲ್, ಬ್ಯಾಕ್ಟೀರಿಯಾದ ಒಳಗಿರೋದು, ನೀವು ದಿನಾ ತಿನ್ನೋ ಮೊಸರಲ್ಲೂ ಕೋಟ್ಯಂತರ ಇರ್ತವೆ ಅಂತ ಸಮಾಧಾನ ಹೇಳಿದೆ. ನಲ್ಲಿ ನೋಡದೇ ಇಳಿದು ಹೋದರು.

ಮಾರನೇ ದಿನ ಆಂಟಿ ಮೇಲೆ ಬಂದು ಒಂದೇ ಸಮ ಬೈದರು. ಅಂಕಲ್ ಮೊಸರು ಮುಟ್ತಾ ಇಲ್ಲವಂತೆ, ಹೆಪ್ಪು ಹಾಕಿಟ್ಟ ಎರಡು ಲೀಟರ್ ಇನ್ನು ನಾನೇ ಖಾಲಿ ಮಾಡಬೇಕಂತೆ.

ಅವರೆಕಾಯಿ ಮುಂದೆ ಭಾಷಣ

ಅಮ್ಮನ ಮುಂದೆ ಅಭ್ಯಾಸ ಮಾಡು, ಅವರಿಗೆ ಅರ್ಥವಾದರೆ ಎಲ್ಲರಿಗೂ ಆಗುತ್ತೆ ಅಂತ ಗೈಡ್ ಅಂದಿದ್ದರು. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಮಾದರಿಯ ಒಳಗೆ ಬೆರಳಿಟ್ಟು, ಇದು ಟ್ರಿಗರ್ ಲೂಪ್, ಬೆರಳಿನ ಥರ ಮಡಚಿಕೊಂಡು ಆರ್‌ಎನ್‌ಎಗೆ ಒಂದೊಂದೇ ಅಕ್ಷರ ಜೋಡಿಸೋಕೆ ಸಹಾಯ ಮಾಡುತ್ತೆ, ನಾನು ಕಿತ್ತು ಹಾಕಿದ್ದು ಇದನ್ನೇ ಅಂತ ಮುಕ್ಕಾಲು ಗಂಟೆ ವಿವರಿಸಿದೆ. ಕಿತ್ತರೆ ಕೆಲಸ ನಿಂತೇ ಹೋಗುತ್ತಾ ಅಂದಳು. ಇಲ್ಲಮ್ಮ, ತುಂಬಾ ನಿಧಾನ ಆಗುತ್ತೆ ಅಂದೆ. ಅಮ್ಮ ಇನ್ನೊಂದು ಕಾಯಿ ಸುಲಿದು ಕಾಳನ್ನ ಪಾತ್ರೆಗೆ ಹಾಕಿದಳು.

"ಅದು ನಿಧಾನ ಸರಿ. ನಿನಗೆ ಯಾಕೆ ಆರು ವರ್ಷ ಹಿಡೀತು?"

ಅತಿಥಿ ಸತ್ಕಾರ

ಓಪನ್ ವೈವಾಗೆ ಯಾರು ಬೇಕಾದರೂ ಬರಬಹುದು ಅಂತ ನಾನು ಬಾಯಿಬಿಟ್ಟಿದ್ದೇ ತಪ್ಪಾಯ್ತು. ಅಮ್ಮ ಮನೆಮನೆಗೆ ಹೋಗಿ ಕುಂಕುಮ ಇಟ್ಟು ಇಡೀ ರಸ್ತೆಯನ್ನೇ ಕರೆದಿದ್ದಳು. ವೈವಾ ದಿನ ಹಾಲ್‌ನಲ್ಲಿ ಮುಂದಿನ ಮೂರು ಸಾಲು ಬರೀ ರೇಷ್ಮೆ ಸೀರೆ.

ನಾನು ಹೇಳಿದ್ದೆಲ್ಲ ಕೇಳಿ ಪರೀಕ್ಷಕರು ಒಂದೇ ಪ್ರಶ್ನೆ ಹಾಕಿದರು. ಆ ಭಾಗ ಕಿತ್ತಿದ್ದಕ್ಕೇ ನಿಧಾನ ಆಯ್ತೋ, ಇಲ್ಲ ನೀವು ಕಿತ್ತ ರಭಸಕ್ಕೆ ಇಡೀ ಕಿಣ್ವವೇ ಕೆಟ್ಟಿತ್ತೋ? ನನಗೆ ಉತ್ತರ ಗೊತ್ತು, ಆದರೆ ಭಯಕ್ಕೆ ಸ್ಲೈಡುಗಳನ್ನೇ ಹಿಂದೆ ಮುಂದೆ ಮಾಡ್ತಾ ನಿಂತೆ. ಗೈಡ್ ತಲೆ ತಗ್ಗಿಸಿದರು. ಆರು ವರ್ಷ ನೀರುಪಾಲಾಯ್ತು ಅಂದುಕೊಂಡೆ.

ನಮ್ಮ ಓನರ್ ಅಂಕಲ್ಲೇ ರಸ್ತೆ ಸಂಘದ ಅಧ್ಯಕ್ಷರು. ಹೊರಗಿಂದ ಬಂದ ಯಾವ ಅತಿಥಿಯನ್ನೂ ಬರಿತಲೆಯಲ್ಲಿ ಕಳಿಸಿದವರಲ್ಲ. ನಾನು ಸುಮ್ಮನಾಗಿದ್ದು ನೋಡಿ ನನ್ನ ಮಾತು ಮುಗೀತು ಅಂದುಕೊಂಡು ಸೀದಾ ವೇದಿಕೆ ಹತ್ತಿ, ಪರೀಕ್ಷಕರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಚಪ್ಪಾಳೆ ಬಿತ್ತು. ಆಂಟಿಯರು ಫೋಟೋಗೆ ಸಾಲು ನಿಂತರು.

ಪರೀಕ್ಷಕರು ಬುಟ್ಟಿಯ ಅನಾನಸ್ ಹಿಂದಿನಿಂದ ಅದೇ ಪ್ರಶ್ನೆ ಮತ್ತೆ ಕೇಳಿದರು. ಪೇಟ ಹುಬ್ಬಿನವರೆಗೂ ಇಳಿದಿತ್ತು. ನನಗೆ ನಗು ತಡೆಯೋಕಾಗಲಿಲ್ಲ, ಆ ನಗುವಲ್ಲೇ ಭಯವೂ ಹೋಯ್ತು. ಕಿಣ್ವ ಕೆಟ್ಟಿಲ್ಲ ಸಾರ್, ಡಿಎನ್‌ಎ ಹಿಡಿಯುತ್ತೆ, ಬಿಚ್ಚುತ್ತೆ, ಅಕ್ಷರ ಜೋಡಿಸೋದು ಮಾತ್ರ ನಿಧಾನ ಅಂತ ಹೇಳಿ ಆ ಪ್ರಯೋಗಗಳನ್ನ ತೋರಿಸಿದೆ. ಅವರು ತಲೆಯಾಡಿಸಿದರು, ಪೇಟ ಕಣ್ಣು ಮುಚ್ಚಿತು. ಹಾಗೇ ಪಾಸ್ ಅಂದರು.

ಹೊರಗೆ ಬಂದು ಅಂಕಲ್‌ನ ಕೇಳಿದೆ, ರಿಸಲ್ಟ್ ಹೇಳೋವರೆಗೂ ಕಾಯಬಾರದಿತ್ತಾ ಅಂತ.

"ಅದ್ಹೆಂಗಮ್ಮ ಕಾಯೋದು? ಮೊದಲೇ ಫೇಲ್ ಅಂದುಬಿಟ್ಟಿದ್ರೆ, ಆಮೇಲೆ ಆ ಮನುಷ್ಯನಿಗೆ ಸನ್ಮಾನ ಮಾಡೋಕೆ ನನಗೆ ಮನಸ್ಸಾದ್ರೂ ಬರ್ತಿತ್ತಾ?"