ನನ್ನ ಪುಸ್ತಕಕ್ಕ ಬಿದ್ದ ಒಂದ ಚುಕ್ಕಿ

ಪುಸ್ತಕ ಬರದ ಮ್ಯಾಲ ಕೈ ತೊಳಕೊಂಡು ಆರಾಮ ಕುಂದ್ರಬಹುದು ಅಂತ ಯಾರರೇ ಹೇಳಿದ್ರ ನಂಬಬ್ಯಾಡ್ರಿ. ಬರಿಯೂ ಮುಂದ ನನ್ನೊಬ್ಬಾಕಿ ತಲಿಬ್ಯಾನಿ, ಮಾರಾಕ ಇಟ್ಟ ಮ್ಯಾಲ ಬಳಗದ್ದೆಲ್ಲಾ ತಲಿಬ್ಯಾನಿ. ನಗಬೇಕೋ ಸಿಟ್ಟಿಗೇಳಬೇಕೋ ಅಂತ ಯೋಚನಿ ಮಾಡೂದ್ರೊಳಗ ಇನ್ನೊಂದ ಪ್ರಸಂಗ ಬಂದು ಬಾಗಲದಾಗ ನಿಂತಿರ್ತೈತಿ.

ಶಿಗ್ಗಾವಿ ಬಸ್‌ಸ್ಟ್ಯಾಂಡ್ ಹತ್ರ ಒಂದ ಕಿರಾಣಿ ಅಂಗಡಿ ಮ್ಯಾಲ ನಂದೊಂದು ಕಂಪ್ಯೂಟರ್ ಕ್ಲಾಸ್ ಐತಿ. ದುಂಡಸಿ, ಹಿರೇಬೆಂಡಿಗೇರಿ, ಗೊಟಗೋಡಿ ಕಡಿಂದ ಹುಡುಗ್ರು, ಹುಡುಗ್ಯಾರು ಬರ್ತಾರ. ತಲಿ ಚಲೋ ಓಡ್ತೈತಿ, ಆದ್ರ ಇಂಗ್ಲಿಷ್ ಪುಸ್ತಕ ತಗದ್ರ ಸಾಕು, ಮಾರಿ ಸಣ್ಣದು ಮಾಡ್ತಾರ. ಅವರ ಸಲುವಾಗಿ ಪೈಥಾನ್ ಅನ್ನೂ ಪ್ರೋಗ್ರಾಮಿಂಗ್ ಭಾಷಾದ ಮ್ಯಾಲ ಕನ್ನಡದಾಗ ಒಂದ ಪುಸ್ತಕ ಬರದೆ. ಒಬ್ಬ ಪ್ರಕಾಶಕರಿಗೆ ಕೇಳಿದ್ರ, "ಅಡಗಿ ಪುಸ್ತಕ ಬರದ್ರ ತಗೊಂಡ ಬರ್ರಿ" ಅಂದ್ರು. ಹೋಗ್ರಿ ಅತ್ಲಾಗ ಅಂತ ನಾನ ಹುಬ್ಬಳ್ಳ್ಯಾಗ ಛಾಪಿಸಿ, ಆನ್‌ಲೈನ್ ಅಂಗಡ್ಯಾಗ ಇಟ್ಟೆ.

ಕ್ಲಾಸಿನ ಹುಡುಗ್ರು ಓದ್ತಾರ, ಅದು ಖರೆ. ಆದ್ರ ಅವರ ಮುಂದ ನಾನ ನಿಂತಿರ್ತೇನಿ, ತಿಳೀಲಿಲ್ಲಂದ್ರ ಬಾಯಿಲೆ ಹೇಳ್ತೇನಿ. ನನ್ನ ಮಾರೀನ ನೋಡದಂವರ ಮನಿಗೆ ಪುಸ್ತಕ ಒಂದ ಹೋಗಿ ಕುಂತು ಪಾಠ ಹೇಳ್ತೈತೋ ಇಲ್ಲೋ? ಇದ ಒಂದ ಚಿಂತಿ ನನಗ. ಎರಡನೇ ಭಾಗ ಅರ್ಧಾ ಬರದಿಟ್ಟಿದ್ದೆ. "ಗುರ್ತಿಲ್ಲದವ್ರು ಒಬ್ಬರರೇ ಕಡೀತನಕ ಓದಿದ್ರ ಇದನ್ನ ಮುಗಸ್ತೇನಿ, ಇಲ್ಲಂದ್ರ ಇಲ್ಲಿಗೇ ಬಿಡ್ತೇನಿ" ಅಂತ ಅವ್ವನ ಮುಂದ ಅಂದೆ. ಅವ್ವ ಅಂದ್ಲು, "ಕಡೀತನಕ ಯಾಕ ಓದಬೇಕವಾ ಪಾಪ, ತಗೊಂಡ್ರ ಸಾಲೂದಿಲ್ಲೇನು?"

ಮೊದಲನೇ ಗಿರಾಕಿ

ಮೊದಲನೇ ಆರ್ಡರ್ ಸವಣೂರಿನಿಂದ ಬಂತು. ಹೆಸರು ನೋಡಿದ್ರ ಗುರ್ತ ಹತ್ತಲಿಲ್ಲ. ನನ್ನ ಖುಷಿ ಏನ ಕೇಳ್ತೀರಿ! ಕಾಗದದ ಮ್ಯಾಲ ಕಾಗದ ಸುತ್ತಿ, ಕೂಸಿಗೆ ಕುಂಚಗಿ ಕಟ್ಟಿದಂಗ ಕಟ್ಟಿ ಕಳಿಸಿದೆ.

ಮುಂದಿನ ವಾರ ಮಾಮಾನ ಫೋನ್ ಬಂತು. ಮಾಮಾ ಅಂದ್ರ ನಮ್ಮವ್ವನ ಅಣ್ಣ, ಸವಣೂರಿನ್ಯಾಗ ಅರಿವಿ ಅಂಗಡಿ ಅವ್ರದು. "ಯವ್ವಾ, ನಿನ್ನ ಪುಸ್ತಕ ಮುಟ್ಟಿತು ನೋಡು. ನನಗ ಆನ್‌ಲೈನ್ ಎಲ್ಲಿ ಬರ್ತೈತಿ, ಬಾಜೂ ಮೊಬೈಲ್ ಅಂಗಡ್ಯಾಂವನ ಹೆಸರಲೆ ತರಿಸೇನಿ. ಕಾಯಿ ಒಡದು, ವಿಭೂತಿ ಹಚ್ಚಿ, ದೇವರ ಜಗಲಿ ಮ್ಯಾಲ ಇಟ್ಟೇವಿ."

ನನ್ನ ಜೀವ ಜರ್ರಂತ ಇಳೀತು. ಆದ್ರೂ ಕೇಳಿದೆ, "ತಗದು ಓದಿದ್ರೇನ್ರಿ ಮಾಮಾ?"

"ಛೆ ಛೆ, ದೇವರ ಮುಂದ ಇಟ್ಟದ್ದನ್ನ ಹಂಗ ಎತ್ತಬಾರದು."

"ಮತ್ತ ಯಾವಾಗ ಎತ್ತೋರು?"

"ನೀ ಎರಡನೇದು ಬರಿಯವ್ವಾ. ಅದನ್ನ ಅಲ್ಲಿ ಇಟ್ಟು ಇದನ್ನ ಇಳಸ್ತೇವಿ."

ಗ್ವಾಡಿ ಆಚಿ ಕಡಿ

ನಮ್ಮ ಮನಿಗೂ ಬಾಜೂ ಮನಿ ಅಕ್ಕಾರ ಮನಿಗೂ ನಡುವ ಒಂದ ಗ್ವಾಡಿ. ಅವ್ರು ಒಗ್ಗರಣಿ ಹಾಕಿದ್ರ ಇಲ್ಲಿ ನಮ್ಮವ್ವ ಸೀನ್ತಾಳ. ಒಂದಿನ ಅವರ ವಿಳಾಸಕ್ಕ ಆರ್ಡರ್ ಬಂತು. ನಾನೂ ಹಠದಾಕಿ, ಆರ್ಡರ್ ಅಂದ್ರ ಆರ್ಡರ್ ಅಂತ ಪ್ಯಾಕ್ ಮಾಡಿ ಇಟ್ಟೆ. ಕೊರಿಯರ್‌ನವ ಬಂದ, ವಿಳಾಸ ಓದಿದ, ಆ ಬಾಗಲಾ ನೋಡಿದ, ನನ್ನ ಮಾರಿ ನೋಡಿದ.

"ಮೇಡಂ, ಇಲ್ಲೇ ಕೊಟ್ಟ ಹೋಗ್ಲೇನ್ರಿ?"

"ಹಂಗ ಕೊಡಾಕ ಬರ್ತೈತೇನು?"

"ಬರೂದಿಲ್ರಿ. ಹುಬ್ಬಳ್ಳಿಗೆ ಹೋಗಿ ಬರಬೇಕ್ರಿ ಅದು."

ಹೋತು. ಹುಬ್ಬಳ್ಳಿ ನೋಡಿಕೊಂಡು, ನಾಕ ದಿನ ಬಿಟ್ಟು ಅದ ಕೊರಿಯರ್‌ನವನ ಚೀಲದಾಗ ಕುಂತು ಗ್ವಾಡಿ ಆಚಿ ಕಡಿ ಬಂತು. ನಾ ಅಕ್ಕಾರಿಗೆ ಕೇಳಿದೆ, "ಕಟ್ಟಿ ಮ್ಯಾಲಿಂದ ಒಂದ ಕೂಗ ಹಾಕಿದ್ರ ಕೈಯಾಗ ಕೊಡ್ತಿದ್ನಲ್ರಿ?"

"ಕೈಯಾಗ ಕೊಟ್ಟಿದ್ರ ನೀ ರೊಕ್ಕ ಮುಟ್ಟತಿದ್ದಿಲ್ಲ. ಪುಕ್ಕಟ ತಗೊಂಡ್ರ ನನ್ನ ಮನಸಿಗೆ ಬರ್ತಿದ್ದಿಲ್ಲ. ಆನ್‌ಲೈನ್ ಆದ್ರ ಒಬ್ಬರ ಮಾರಿ ಒಬ್ಬರು ನೋಡೂ ಕೆಲಸಿಲ್ಲ."

ಖರೇನ ಐತಿ, ನಮ್ಮ ಓಣ್ಯಾಗ ಗುರ್ತಿನವರ ಕಡಿಂದ ರೊಕ್ಕ ಇಸಗೊಳ್ಳೂದು ಅಂದ್ರ ಬೈಸಿಕೊಂಡಂಗ. ಒಬ್ಬರಿಗೊಬ್ಬರು ನಾಚಿಕಿ ಉಳಸಾಕ ಒಂದ ಪುಸ್ತಕ ಹುಬ್ಬಳ್ಳಿತನಕ ಹೋಗಿ ಬಂದಿತ್ತು. ಕಣ್ಣ ಒರಸಿಕೊಂಡು ಕೇಳಿದೆ, "ಓದಿದ್ರೇನಕ್ಕಾ?"

"ಅಯ್ಯ, ದುಂಡಸ್ಯಾಗ ನಮ್ಮ ತಂಗಿ ಮಗಳ ಮದುವಿ ಇತ್ತಲ್ಲ! ಪ್ಯಾಕ್ ಎಷ್ಟ ಚಂದಿತ್ತಂದ್ರ, ಬಿಚ್ಚೂ ಮನಸ ಆಗಲಿಲ್ಲ. ಹಂಗ ಆಕಿಗೆ ಆಹೇರಿ ಮಾಡಿಬಿಟ್ಟೆ."

ಕಳಿಸಿದವರು ಅಂತ ಡಬ್ಬಿ ಮ್ಯಾಲ ನನ್ನ ಹೆಸರು, ನಂಬರು ಹಂಗ ಇತ್ತು. ಎಂಟ ದಿನದ ಮ್ಯಾಲ ಮದುಮಗಳು ನನಗ ಫೋನ್ ಮಾಡಿದ್ಲು. "ಆಹೇರಿ ಮುಟ್ಟಿತ್ರಿ, ಭಾಳ ಸಂತೋಷ ಆತು. ನೀವು ಊಟಕ್ಕ ನಿಂತಿದ್ರೋ ಇಲ್ಲೋ? ಗಂಡಿನ ಕಡೆಯವ್ರೋ, ನಮ್ಮ ಕಡೆಯವ್ರೋ, ಗೊತ್ತಾಗಲಿಲ್ಲ ನೋಡ್ರಿ."

ಹಾನಗಲ್ಲಿನ ಆಸೆ

ಆಮ್ಯಾಲ ಹಾನಗಲ್ಲಿಂದ ಒಂದ ಆರ್ಡರ್ ಬಂತು. ಈ ಸಲ ನಾ ಹುಷಾರಾದೆ, ಮೊದಲ ಅವ್ವನ ಮುಂದ ಹೆಸರ ಓದಿದೆ. ಅವ್ವ ಕಣ್ಣ ಮುಚ್ಚಿ ತವರಮನಿ, ಅತ್ತಿಮನಿ, ಬೀಗರು, ಬೀಗರ ಬೀಗರು ಎಲ್ಲಾ ತಡಕಾಡಿದ್ಲು. "ಇಲ್ಲವಾ, ಇವರು ನಮಗ ಏನೂ ಆಗಬೇಕಾಗಿಲ್ಲ" ಅಂದ್ಲು. ಸಂಬಂಧಿಕರು ಅಲ್ಲ ಅಂತ ಕೇಳಿ ಅಷ್ಟ ಖುಷಿಪಟ್ಟಾಕಿ ಈ ತಾಲೂಕಿನಾಗ ನಾ ಒಬ್ಬಾಕೆ ಇರಬೇಕು.

ವಾರದಾಗ ಪುಸ್ತಕ ವಾಪಸ್ ಬಂತು. ಬೆನ್ನ ಹಿಂದ ಗಿರಾಕಿ ಫೋನೂ ಬಂತು. ಪಾಪ, ಭಾಳ ಮರ್ಯಾದಸ್ತ ಮನಿಶಾ.

"ಮೇಡಂ, ನಿಮ್ಮ ಮಾಲು ವಾಪಸ್ ಕಳಿಸೇನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

"ಏನ ಕಡಿಮಿ ಬಿತ್ರಿ ಅದರಾಗ?"

"ನಮ್ಮ ಅಕ್ಕಿ ಗಿರಣ್ಯಾಗಿನ ಕಂಪ್ಯೂಟರ್ ಕೆಟ್ಟ ಕುಂತೈತ್ರಿ. ಮೊಬೈಲ್‌ನ್ಯಾಗ ನಿಮ್ಮದರ ಫೋಟೋ ನೋಡಿದ್ನಿ, ಮ್ಯಾಲ ಕಂಪ್ಯೂಟರ್ ಚಿತ್ರ ಇತ್ತು. ಅದಕ್ಕ ಹಾಕೂ ಏನರೇ ಸಾಮಾನು ಇರಬೇಕಂತ ತರಿಸಿದ್ನಿ. ಬಿಚ್ಚಿ ನೋಡಿದ್ರ ಒಳಗ ಬರೇ ಓದೂದ ಐತ್ರಿ!"

ನನ್ನ ಆಸೆ ನೋಡ್ರಿ, ಆದ್ರೂ ಬಿಡಲಿಲ್ಲ. "ಒಂದ ಪಾನರೇ ಓದಿದ್ರೇನ್ರಿ?"

"ಸುಳ್ಳ ಯಾಕ ಹೇಳ್ಲಿ ಮೇಡಂ, ಹಿಂದಿನ ಪಾನ ಓದಿದ್ನಿ. ನಿಮ್ಮ ಫೋನ್ ನಂಬರ್ ಅಲ್ಲೇ ಸಿಕ್ತು."

ಚುಕ್ಕಿಗಳ ಸುಗ್ಗಿ

ಆನ್‌ಲೈನ್ ಅಂಗಡ್ಯಾಗ ತಗೊಂಡಿರ್ಲಿ ಬಿಡ್ಲಿ, ಯಾರ ಬೇಕಾದ್ರೂ ಪುಸ್ತಕಕ್ಕ ಚುಕ್ಕಿ ಕೊಟ್ಟು, ಕೆಳಗ ಅಭಿಪ್ರಾಯ ಬರಿಬಹುದು. ಚಲೋ ಐತಿ ಅಂದ್ರ ಐದು, ಬರೊಬ್ಬರಿ ಇಲ್ಲಂದ್ರ ಒಂದು. ಇದು ಮಾಮಾಗ ತಿಳಿದದ್ದ ತಡ, ಬಳಗದ ವಾಟ್ಸಪ್ ಗುಂಪಿನ್ಯಾಗ ಡಂಗುರ ಸಾರಿದ್ರು. ಪಟಪಟ ಐದೈದು ಚುಕ್ಕಿ ಬಿದ್ವು.

ಒಬ್ಬರು ಬರದಿದ್ರು, "ನಮ್ಮ ಹುಡುಗಿ ಸಣ್ಣಾಕಿ ಇದ್ದಾಗಿಂದ ಶಾಣ್ಯಾ." ಇನ್ನೊಬ್ಬರು, "ಕಾಗದ ದಪ್ಪ ಐತಿ, ಬಾಳಿಕಿ ಬರ್ತೈತಿ." ಮಾಮಾ, "ಇಂಥಾ ಪುಸ್ತಕ ಹಿಂದ ಆಗಿಲ್ಲ, ಮುಂದ ಆಗೂದಿಲ್ಲ." ಹಿರೇಬೆಂಡಿಗೇರಿ ದೊಡ್ಡವ್ವ ಐದು ಚುಕ್ಕಿ ಕೊಟ್ಟು, ಕೆಳಗ ಇಡೀ ಜಗತ್ತಿಗೆ ಕಾಣೂಹಂಗ ಬರಿಸಿದ್ಲು: "ಪುಸ್ತಕ ಆತು, ಮದುವಿ ಯಾವಾಗ?"

ಹಿರೇಕೆರೂರಿನಿಂದ ಬಂದ ಬೈಗಳ

ಒಂದಿನ ಮುಂಜಾನೆ ನೋಡಿದ್ರ ಐದು ಚುಕ್ಕಿಗಳ ಸಾಲಿನ್ಯಾಗ ಒಂಟಿ ಚುಕ್ಕಿ! ಕೆಳಗ ಬರದಿತ್ತು: "ನೂರಾ ಹನ್ನೆರಡನೇ ಪಾನದ ಪ್ರೋಗ್ರಾಂ ವಾರದ ಹಾಲು ಕೂಡಿಸುವಾಗ ಐತವಾರ ಬಿಟ್ಟುಬಿಡ್ತದ. ಎಮ್ಮಿ ಐತವಾರ ಸೂಟಿ ತಗೊಳ್ಳೂದಿಲ್ಲ. ನಿವೃತ್ತ ಗಣಿತ ಮಾಸ್ತರ, ಹಿರೇಕೆರೂರು."

ಹಿರೇಕೆರೂರಿಗೆ ನಾ ಪುಸ್ತಕ ಕಳಿಸಿದ್ದಿಲ್ಲ, ಯಾರ ಹೆಸರಲೆ ತರಿಸಿದ್ರೋ ಏನೋ. ಕಂಪ್ಯೂಟರ್ ಚಾಲೂ ಮಾಡಿ ಆ ಪ್ರೋಗ್ರಾಂ ಓಡಿಸಿದೆ. ಬರೊಬ್ಬರಿ! ಶನಿವಾರಕ್ಕ ನಿಲ್ಲತೈತಿ, ಐತವಾರದ ಹಾಲು ಮಾಯ. ನಾ ಕುಂತಲ್ಲಿಂದ ಎದ್ದು ಕುಣ್ಯಾಕ ಹತ್ತಿದೆ. "ಅವ್ವಾ, ನೂರಾ ಹನ್ನೆರಡನೇ ಪಾನತನಕ ಒಬ್ಬರು ಬಂದಾರ ಬೇ! ಬರೇ ಓದಿಲ್ಲ, ಕೈಲೆ ಮಾಡಿ ನೋಡ್ಯಾರ!"

ಅವ್ವ ಹಿಟ್ಟಿನ ಕೈಲೆ ಓಡಿ ಬಂದ್ಲು. ಓದಿಸಿ ಕೇಳಿದ್ಲು. "ಬೈದಾರಂತ ಕುಣೀತೀಯಲ್ಲ, ತಲಿ ನೆಟ್ಟಗೈತಿಲ್ಲೋ?" ಅಂದಾಕಿನ ಅಣ್ಣಗ ಫೋನ್ ಹಚ್ಚಿದ್ಲು.

ಅಲ್ಲಿಗೆ ಕೆಲಸ ಕೆಡ್ತು. ನಾ ಕ್ಲಾಸ್ ಮುಗಸಿ ಸಂಜಿಕೆ ನೋಡಿದ್ರ, ಇಡೀ ಬಳಗ ಐದೈದು ಚುಕ್ಕಿ ಹಿಡಕೊಂಡು ಮಾಸ್ತರ ಮ್ಯಾಲ ಏರಿ ಹೋಗಿತ್ತು. "ಒಂದ ಹೆಣ್ಣ ಹುಡುಗಿ ಕಷ್ಟಪಟ್ಟ ಬರದಾಳ, ಹಿಂಗ ಅಂತಾರೇನ್ರಿ?" "ನಿಮಗೂ ಹೆಣ್ಣಮಕ್ಕಳು ಇರಬೇಕಲ್ಲ?" ಮಾಮಾ ಅಂತೂ, "ನಿಮ್ಮ ಎಮ್ಮಿ ಸಮಸ್ಯಾ ಪುಸ್ತಕದ ಮ್ಯಾಲ ಹಾಕಬ್ಯಾಡ್ರಿ" ಅಂತ ಬರಿಸಿದ್ರು. ಮಾಸ್ತರು ಹೆದರಿದ್ರೋ, ನೊಂದ್ರೋ, ಆ ಒಂಟಿ ಚುಕ್ಕಿ ಅಳಿಸಿ ಹೋಗಿತ್ತು.

ಮಾಮಾನ ಫೋನ್ ಬಂತು. "ತಗಸಿದ್ವಿ ನೋಡು ಯವ್ವಾ!"

ನನಗ ಎಲ್ಲಿತ್ತೋ ಅಳು. "ಅವರೊಬ್ಬರ ನನ್ನ ಪುಸ್ತಕ ಓದಿದವ್ರು ಮಾಮಾ! ನೀವೆಲ್ಲಾ ಕೂಡಿ ಇದ್ದೊಬ್ಬರನ್ನ ಓಡಿಸಿದ್ರಿ. ನಾ ಇನ್ನ ಬರಿಯೂದಿಲ್ಲ, ಹೋಗ್ರಿ" ಅಂದು ಫೋನ್ ಇಟ್ಟೆ. ದೊಡ್ಡವರಿಗೆ ಹಂಗ ಒದರಬಾರದಿತ್ತು. ಆದ್ರ ಆವತ್ತ ನನ್ನ ಹೊಟ್ಟಿ ಅಷ್ಟ ಉರದಿತ್ತು. ಎರಡನೇ ಭಾಗದ ಫೈಲ್ ತಗದು ನೋಡೂ ಮನಸ ಆಗಲಿಲ್ಲ.

ಐತವಾರ ನಮ್ಮ ಬಾಗಲ ಮುಂದ ಮಾಮಾನ ಸ್ಕೂಟರ್ ನಿಂತಿತು. ಹಿಂದ ಬಿಳಿ ಟೊಪಿಗಿ ಹಾಕ್ಕೊಂಡ ಒಬ್ಬ ಹಿರಿಯರು, ತೊಡಿ ಮ್ಯಾಲ ಒಂದ ಕೈಚೀಲ. ಮಾಮಾ ಹಿರೇಕೆರೂರಿನ ಬೀಗರಿಗೆ ಹೇಳಿ, ಕಂಪ್ಯೂಟರ್ ಓದೂ ಮಾಸ್ತರು ಯಾರು ಅಂತ ಹುಡುಕಿಸಿ, ತಾವ ಹೋಗಿ ಕೈ ಮುಗದು ಕರಕೊಂಡ ಬಂದಿದ್ರು. ಬಾಜೂ ಮನಿ ಅಕ್ಕಾರು ಕಟ್ಟಿ ಮ್ಯಾಲಿಂದ ಇಣುಕಿ ಅವ್ವನ ಕಿವ್ಯಾಗ ಅಂದ್ರು, "ಕನ್ಯಾ ನೋಡಾಕ ಬಂದಾರೇನ್ರಿ? ವಯಸ್ಸು ಒಂದೀಟ ಹೆಚ್ಚಾತಲ್ಲ?" ಅವ್ವಗೂ ಏನ ತಿಳೀತೋ, ಉಪ್ಪಿಟ್ಟಿಗೆ ಇಟ್ಲು.

ಮಾಸ್ತರು ಕುಂತ್ರು, ನೀರ ಕುಡದ್ರು. ಯಾರ ಮಾರೀನೂ ನೋಡಲಿಲ್ಲ. ಕೈಚೀಲದಾಗಿಂದ ನನ್ನ ಪುಸ್ತಕ ತಗದು ನನ್ನ ಮುಂದ ಇಟ್ರು. ನಾ ಪಾನ ತಿರುವಿದೆ. ಪಾನ ಪಾನಕ್ಕೂ ಕೆಂಪ ಶಾಯಿ. ಇಲ್ಲೊಂದ ಗೆರಿ, ಅಲ್ಲೊಂದ ಪ್ರಶ್ನಿ, "ಉದಾಹರಣೆ ಸಾಲದು", "ಇದು ಚಂದ ಆಗೇತಿ", "ಮತ್ತೊಮ್ಮೆ ವಿಚಾರ ಮಾಡ್ರಿ". ಕಡೀ ಪಾನದ ಕಡೀ ಸಾಲಿನತನಕ. ಅಂಚು ಬೆರಳ ತಾಗಿ ತಾಗಿ ಮೆತ್ತಗಾಗಿದ್ವು. ನಾ ಪುಸ್ತಕ ಎದಿಗೆ ಅವಚಿಕೊಂಡು ಬಿಕ್ಕಿ ಬಿಕ್ಕಿ ಅಳಾಕ ಹತ್ತಿದೆ.

ಮಾಮಾ ಒಮ್ಮಿಗೇ ಎದ್ದು ನಿಂತ್ರು. "ಏನ್ರಿ ಮಾಸ್ತರ, ಹುಡುಗಿ ಸಮಾಧಾನ ಆಗ್ಲಿ ಅಂತ ಕರಕೊಂಡ ಬಂದ್ರ, ಮನಿಗೇ ಬಂದು ಅಳಸ್ತೀರಿ?"

"ಕುಂದರ್ರಿ ಮಾಮಾ!" ಅಂತ ಅಳಕೋತನ ಒದರಿದೆ. "ಕಡೀತನಕ ಓದ್ಯಾರ್ರಿ ಇವ್ರು!"

ಮಾಮಾ ಕುಂತ್ರು. ಮಾಸ್ತರು ಮೆಲ್ಲಕ ಅಂದ್ರು, "ನನಗ ಮೆಚ್ಚಿಗಿ ಬರಿಯೂದು ಬರೂದಿಲ್ಲವ್ವಾ. ಚಲೋ ವಿದ್ಯಾರ್ಥಿ ಇದ್ರ ಹೆಚ್ಚ ತಿದ್ದತಿದ್ದೆ, ಅದ ನನ್ನ ರೂಢಿ. ಎರಡನೇ ಭಾಗ ಯಾವಾಗ ಕೊಡ್ತಿ? ನನಗೂ ವಯಸ್ಸಾತು, ಜಲ್ದಿ ಬರಿ."

"ಬರೀತೇನ್ರಿ" ಅಂದೆ.

ಅವ್ವ ಉಪ್ಪಿಟ್ಟು ತಂದಿಟ್ಲು. ಮಾಮಾ ಕೆಂಪ ಶಾಯಿ ಬಿದ್ದ ಆ ಪಾನಗೋಳ್ನ ಒಂದೊಂದ ತಿರುವಿ ನೋಡಿದ್ರು. ನನ್ನ ಮಾರಿ ನೋಡಿದ್ರು. ಬಳಗ ಕೂಡಿಸಿ ಜಗಳಾ ಮಾಡಿದವ್ರು, ಸವಣೂರಿನಿಂದ ಹಿರೇಕೆರೂರಿಗೆ ಸ್ಕೂಟರ್ ಹೊಡಕೊಂಡ ಹೋದವ್ರು, ಸಾಲಿ ಹುಡುಗರಂಗ ಮಾಸ್ತರ ಕಡಿ ಒಂದೀಟ ಸರದು ಕುಂತು, ದನಿ ಸಣ್ಣದು ಮಾಡಿ ಕೇಳಿದ್ರು:

"ಮಾಸ್ತರ, ನಮ್ಮ ಹುಡುಗಿ ಇದರಾಗ ಏನ ಬರದಾಳ್ರಿ?"