ಜಪಾನ್ ನೋಡಿ ಕಲೀರಿ

ಮಾಸ್ತರಕಿ ಮಾಡೋರಿಗಿ ನಗೂದಕ್ಕ ಬ್ಯಾರೆ ಕಡಿ ಹೋಗೂ ಜರೂರತ್ತೇ ಇಲ್ಲ, ಹಾಜರಿ ಕರದ್ರ ಸಾಕು. ನಾ ಆಳಂದದ ಕಾಲೇಜಿನಾಗ ಕನ್ನಡ ಕಲಸ್ತೇನಿ. ನಮ್ಮ ಕಡಿ ಜೋಳದ ಹೊಲಾ, ಹಳ್ಳಿ ಬದುಕು ಅಭ್ಯಾಸ ಮಾಡ್ಲಿಕ್ಕಿ ಆಗಾಗ ಒಬ್ಬೊಬ್ಬರು ಜಪಾನಿನಿಂದ ಬರ್ತಾರ. ಅವರಿಗಿ ಮಾತಾಡೂ ಕನ್ನಡ ಕಲಸೂದು ನನ್ನ ಪಾಲಿಗಿ ಬಂದಾದ.

ಕಡಿಮಿ ಮಾಡ್ರಿ

ಭಾಳ ವರ್ಷದ ಹಿಂದ ಬಂದ ಮೊದಲನೇ ಹುಡುಗ ಗೇಟ್ ತಗಿಯೂಕಿಂತ ಮೊದಲೇ ಬಂದು ನಿಂದರ್ತಿದ್ದ. ಖುಷಿಯಾಗಿ ಕೈ ಬಿಚ್ಚಿ ಮಾರ್ಕ್ಸ್ ಹಾಕ್ದೆ. ಸಂಜಿಗಿ ಮನಿಗಿ ಬಂದು, ತಲಿ ಬಾಗಿಸಿ, "ಸರ್, ನನಗ ಇಷ್ಟು ಕನ್ನಡ ಬರಂಗಿಲ್ರಿ. ಮಾರ್ಕ್ಸ್ ಕಡಿಮಿ ಮಾಡ್ರಿ" ಅಂದ.

ಹೆಚ್ಚ ಮಾಡ್ರಿ ಅಂತ ಬಂದೋರನ್ನ ದಿನಾ ನೋಡಿದ್ದೆ, ಇಂಥಾವ ಹೊಸಬ. ಒಳಗಿಂದ ನನ್ನ ಹೆಂಡತಿ ಅಂದ್ಲು: "ಅವನಿಗಿ ಬ್ಯಾಡಾದ ಮಾರ್ಕ್ಸ್ ಸುಮ್ಮ ಯಾಕ ಹಾಳಾಗ್ಬೇಕ್ರಿ, ನಮ್ಮ ಹುಡುಗನ ಲೆಕ್ಕಕ್ಕ ಹಾಕ್ರಿ."

ಕಲ್ತ್ವಿ ಸರ್

ಅವತ್ತಿನಿಂದ "ಜಪಾನ್ ನೋಡಿ ಕಲೀರಿ" ಅಂತ ನಮ್ಮ ಹುಡುಗರಿಗಿ ಬೈಯೂದೇ ನನ್ನ ಕಾಯಕ ಆಯ್ತು. ಈ ವರ್ಷ ಒಬ್ಬಾಕಿ ಹುಡುಗಿ ಬಂದ್ಲು. ಹಿಂದಿನ ದಿನಾನೇ ಕ್ಲಾಸಿನಾಗ ಡಂಗುರಾ ಹೊಡದಿದ್ದೆ: "ನಾಳಿ ನೋಡ್ರಿ ಮಕ್ಕಳೇ, ಓದೋರು ಹೆಂಗಿರ್ತಾರ!"

ಆಕಿ ಬಂದು ಮೊದಲನೇ ಬೆಂಚಿನಾಗ ಕುಂತ್ಲು. ನಾ ಬೋರ್ಡ್ ಕಡಿ ತಿರುಗಿ ಈ ಕಡಿ ನೋಡೂದ್ರಾಗ ಗಡದ್ದ ನಿದ್ದಿ. ಕೆಮ್ಮಿದೆ, ಡಸ್ಟರ್ ಬಡದೆ, ಊಹುಂ. ಹಿಂದಿನ ಬೆಂಚಿನಿಂದ ಅತನೂರ ಊರಿನ ಹುಡುಗ ಒಬ್ಬ, "ಸರ್, ನೋಡಿ ಕಲ್ತ್ವಿ" ಅಂದವನೇ ತಾನೂ ತಲಿ ಬೆಂಚಿಗಿ ಆನಿಸ್ದ.

ಅವರ ಗುರುಗಳ ಮಾತು

ಆಕಿ ಪೂರಾ ಕಲ್ತ ಮೊದಲನೇ ವಾಕ್ಯ: "ಇದು ಪರೀಕ್ಷಾಕ್ಕ ಬರ್ತದೇನ್ರಿ?" ಇಲ್ಲ ಅಂದ್ರ ಪುಸ್ತಕ ಬಂದ್. ನಿಮ್ಮ ದೇಶದ ಹುಡುಗ ಒಬ್ಬ ಮಾರ್ಕ್ಸ್ ಕಡಿಮಿ ಮಾಡ್ರಿ ಅಂದಿದ್ದ ನೋಡವಾ ಅಂದೆ. "ಅವರ ಜಮಾನಾ ಬ್ಯಾರೆ ಸರ್. ಈಗ ಪಾಸಾದ್ರ ಸಾಕ್ರಿ" ಅಂದ್ಲು.

ಸಿಟ್ಟಿಗಿ ಜಪಾನಿನಾಗಿದ್ದ ಆಕಿ ಪ್ರೊಫೆಸರ್‌ಗೇ ಫೋನ್ ಹಚ್ಚಿದೆ. ಪಾಪ, ಅವರೂ ಉಸಿರು ಬಿಟ್ರು. ಅಲ್ಲಿ ಎಲ್ಲರೂ ಹಂಗೇ ಆಗ್ಯಾರಂತ. ಈಕಿ ಕನ್ನಡ ಮಾತಿನಾಗ ನಾಪಾಸಾದ್ರ ಒಂದು ವರ್ಷ ಹೋಗ್ತದಂತ. ಕಡೀಕ ಅಂದ್ರು: "ನಿಮ್ಮ ಕಡಿ ಹುಡುಗರು ಭಾಳ ಓದ್ತಾರಂತ ಕೇಳೀನಿ. ಅವರನ್ನ ನೋಡಿ ಕಲೀಲಿ ಅಂತನೇ ಕಳಸೀನಿ."

ನಾ ಫೋನ್ ಇಟ್ಟೆ.

ಆಯಿ ಬಂದ್ಲು

ಬಾಯಿ ಪರೀಕ್ಷಾ ಬಂತು. "ಜೋಳದ ರಾಶಿ ಮಾಡುವ ವಿಧಾನವನ್ನು ವಿವರಿಸು" ಅಂದೆ. ಆಕಿ ಬಾಯೇ ಬಿಡಲಿಲ್ಲ. ಏನ್ ಕೇಳಿದ್ರೂ ನೆಲಾ ನೋಡಿದ್ಲು. ನಾಪಾಸ್ ಅಂತ ಬರಿಯೂದೊಂದೇ ಉಳೀತು. ಹುಡುಗಿ ವರ್ಷ ಹಾಳಾಗ್ತದಲ್ಲಾ ಅಂತ ಅವತ್ತ ಬರೀದೇ ಮಾರ್ಕ್ಸ್ ಹಾಳಿ ಮನಿಗಿ ತಂದೆ.

ಮರುದಿನ ಹುಡುಗಿ ಬಾಡಗಿ ಇದ್ದ ಮನಿ ಮಾಲಕಿ ಆಯಿ ಆಕಿ ಕೈ ಹಿಡಕೊಂಡು, ಇನ್ನೊಂದು ಕೈಯಾಗ ಶೇಂಗಾ ಹೋಳಿಗಿ ಡಬ್ಬಿ ಹಿಡಕೊಂಡು ನಮ್ಮ ಮನಿಗಿ ಬಂದ್ಲು. "ಪಾಪದಾಕಿ ಅದಾಳ್ರಿ ಸರ್. ಮನ್ಯಾಗೂ ಮೂಕಿ ಹಂಗ ಕೂಡ್ತಾಳ. ಹಸಿವಾದ್ರೂ ಬಾಯಿ ಬಿಡಂಗಿಲ್ಲ. ನನ್ನ ಮಾರಿ ನೋಡಿ ಪಾಸ್ ಮಾಡ್ರಿ" ಅಂತ ಕಣ್ಣಿಗಿ ಸೆರಗ ಹಚ್ಚಿದ್ಲು.

ಹುಡುಗಿ ಮಾರಿ ಕೆಂಪಗಾಯ್ತು. "ಏ ಆಯಿ, ಸುಳ್ಳ ಯಾಕ ಹೇಳ್ತಿ? ನಿನ್ನಿ ಹುಳಕ ಬದನಿಕಾಯಿ ಕೊಟ್ಟವನ ಜೋಡಿ ಜಗಳಾ ತಗದಾಕಿ ಯಾರು? ನೀ ಒಳಗ ಕುಂತು ನಗ್ತಿದ್ದಿ! ರೊಟ್ಟಿ ಬಿರಸಾಗ್ಯಾವಂತ ದಿನಾ ಹೊಯ್ಕೊತೇನಿ, ಕೇಳ್ತಿಯೇನು? ನಾ ಮೂಕಿ ಅಂತ! ಸರ್, ಪುಸ್ತಕದಾಗಿಂದು ನಂಗ ಬರಂಗಿಲ್ರಿ, ಖರೇ. ಸುಳ್ಳ ಹೇಳಿ ಪಾಸಾಗೂದು ಬ್ಯಾಡ್ರಿ. ನಾಪಾಸ್ ಮಾಡ್ರಿ!"

ಅಂದು ಅಳ್ಲಿಕ್ಕಿ ಹತ್ತಿದ್ಲು. ನಾ ಪೆನ್ ತಗದು ಪಾಸ್ ಅಂತ ಬರದು ತೋರಿಸ್ದೆ. ಮಾತಾಡೂ ಕನ್ನಡ ಅಂದ್ರ ಇನ್ನೇನು ಬೇಕು?

ಕಣ್ಣ ಒರಸ್ಕೊಂಡು ಹುಡುಗಿ ಹೊಂಟ್ಲು. ಆಯಿ ಕಟ್ಟಿ ಇಳಕೋತ ಆಕಿಗಿ ಹೇಳೂದು ಕೇಳಸ್ತು:

"ನೋಡಿದೇನ್ಬೇ? ಬರೇ ಓದಿದ್ರ ಆಗಂಗಿಲ್ಲ, ವಶೀಲಿ ಇರಬೇಕು!"