ರುದ್ರಯ್ಯ ನಡೆದು ಹೋದದ್ದು

"ರಕ್ತದಲ್ಲಿ ಸಕ್ಕರೆ ಸ್ವಲ್ಪ ಏರಿದೆ. ದಿನಾ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೀರಿ. ಸದ್ಯಕ್ಕೆ ಮಾತ್ರೆ ಬೇಡ" ಎಂದು ಹಾಸನದ ಡಾಕ್ಟರು ಹೇಳಿದಾಗ ಬಾಳ್ಳುಪೇಟೆಯ ಬಟ್ಟೆ ವ್ಯಾಪಾರಿ ರುದ್ರಯ್ಯನವರಿಗೆ ಖುಷಿಯೋ ಖುಷಿ. ಮಾರನೆಯ ದಿನವೇ, ಹೆಂಡತಿ ಗುರುಶಾಂತಮ್ಮ ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿರುವಾಗ, ಮಫ್ಲರ್ ಸುತ್ತಿಕೊಂಡು ಬೆಳಗೋಡು ರಸ್ತೆ ಹಿಡಿದರು. ಹೇಳಿ ಹೋಗಬೇಕೆಂದು ಹೊಳೆಯಲೇ ಇಲ್ಲ.

ಊರು ದಾಟುವಷ್ಟರಲ್ಲಿ ಕಾಫಿ ತೋಟದ ದೇವೀರಪ್ಪನ ಜೀಪು ಪಕ್ಕದಲ್ಲಿ ನಿಂತಿತು.

"ಹತ್ತಿ ರುದ್ರಯ್ಯನೋರೇ. ಎಲ್ಲಿಗೆ?"

"ಎಲ್ಲಿಗೂ ಇಲ್ಲ ಮಾರಾಯ. ಸುಮ್ನೆ ನಡೀತಿದೀನಿ."

"ಸುಮ್ನೆ ಯಾರಾದ್ರೂ ನಡೀತಾರಾ? ಮನೇಲಿ ಏನಾರ ಮಾತು ಬಂತಾ?"

"ಛೇ, ಏನೂ ಇಲ್ಲ. ನೀ ಹೋಗು."

ಮೇವು ಬಿಟ್ಟ ಹಸುವನ್ನು ನೋಡುವಂತೆ ದೇವೀರಪ್ಪ ಅವರನ್ನು ನೋಡಿ, ಜೀಪು ತಿರುಗಿಸಿಕೊಂಡು ಊರ ಕಡೆಗೇ ಹೋದ.

ಏರಿನಲ್ಲಿ ಸೈಕಲ್ ತಳ್ಳಿಕೊಂಡು ಅದೇ ಊರಿನ ಬಸವಯ್ಯ ಜೊತೆಯಾದ. ರುದ್ರಯ್ಯನವರಿಗೆ ಏದುಸಿರು, ಕೇಳಿದ್ದಕ್ಕೆ ಉತ್ತರ ಕೊಡಲೂ ಉಸಿರಿಲ್ಲ. ಮಫ್ಲರಿನ ತುದಿಯಿಂದ ಮುಖದ ಬೆವರು ಒರೆಸಿಕೊಂಡರು. ಬಸವಯ್ಯ ಸೈಕಲ್ ನಿಲ್ಲಿಸಿ ಅವರ ಹೆಗಲ ಮೇಲೆ ಕೈಯಿಟ್ಟ.

"ಅಳ್ಬ್ಯಾಡಿ ಕಣ್ರೀ. ಏನೇ ಆಗಿರ್ಲಿ, ಗುರುಶಾಂತಮ್ಮಾರು ಒಳ್ಳೇರು."

ಅಷ್ಟು ಹೊತ್ತಿಗೆ ಬಾಳ್ಳುಪೇಟೆಯವರ ಬಾಯಲ್ಲಿ ರುದ್ರಯ್ಯ ಮನೆ ಬಿಟ್ಟು ಹೋಗಿ, ಯಾವುದೋ ಮಠವನ್ನೂ ಸೇರಿ ಆಗಿತ್ತು. ಎರಡನೇ ಮೈಲಿಯ ಹತ್ತಿರ ದೇವೀರಪ್ಪನ ಜೀಪು ಮತ್ತೆ ಬಂದು ಅಡ್ಡ ನಿಂತಿತು. ಮುಂದೆ ಊರ ಹಿರಿಯ ವೀರಯ್ಯ. ಹಿಂದೆ, ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಬಂದ ಗುರುಶಾಂತಮ್ಮ.

"ಮೂವತ್ ವರ್ಸದಲ್ಲಿ ಒಂದಿನ ಎದುರು ಮಾತಾಡಿದೀನೇನ್ರೀ ನಾನು?"

ವೀರಯ್ಯ ಕೆಮ್ಮಿ ರಸ್ತೆಯ ಆಚೆ ನೋಡಿದರು.

"ಡಾಕ್ಟ್ರು ನಡೀರಿ ಅಂದ್ರು ಕಣೇ! ಅದುಕ್ಕೆ ನಡೀತಿದೀನಿ!" ರುದ್ರಯ್ಯ ಕೂಗಿದರು.

ಎಲ್ಲರೂ ನಕ್ಕರು. ಆದರೂ ಹುಡುಕಲು ಬಂದವರು ಬರಿಗೈಯಲ್ಲಿ ಹಿಂತಿರುಗುವುದುಂಟೆ? ರುದ್ರಯ್ಯನವರನ್ನು ಎತ್ತಿ ಜೀಪಿಗೆ ಹಾಕಿಕೊಂಡೇ ಬಂದರು. ಮನೆಯಲ್ಲಿ ಬಿಸಿ ರೊಟ್ಟಿ ತಿನ್ನುತ್ತ ವೀರಯ್ಯ ತೀರ್ಪು ಕೊಟ್ಟರು:

"ನಡೀಬ್ಯಾಡಿ ಅನ್ನಾಕಿಲ್ಲ. ಒಬ್ರೇ ಹೋದ್ರೆ ಊರು ಆಡ್ಕಂತದೆ. ನಾಳೆಯಿಂದ ಗಂಡ ಹೆಂಡ್ತಿ ಜೊತೇಲಿ ಹೋಗಿ."

ಹಾಗೇ ಆಯಿತು. ಮೊದಲ ದಿನ ಇಬ್ಬರೇ ನಡೆದರು. ಎರಡನೆಯ ದಿನ ಎದುರು ಮನೆಯ ಪುಷ್ಪಾ ಸೇರಿದಳು. ಮೂರನೆಯ ದಿನ ಪಕ್ಕದ ಬೀದಿಯ ನೇತ್ರಾವತಿ ಮತ್ತು ಅವಳ ಇಬ್ಬರು ನಾದಿನಿಯರು. ರುದ್ರಯ್ಯ ಇಪ್ಪತ್ತು ಮಾರು ಹಿಂದುಳಿದರು. ಓಡಿ ಬಂದು ಸೇರಿಕೊಂಡರೆ ಮುಂದಿನವರ ಮಾತು ತಟಕ್ಕನೆ ನಿಂತುಬಿಡುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟುತ್ತಿರುವಾಗ ಗುರುಶಾಂತಮ್ಮ ಮೆಲ್ಲಗೆ ಹೇಳಿದರು:

"ರೀ, ನೀವಿದ್ರೆ ಅವ್ರಿಗೆಲ್ಲ ಮಾತಾಡಾಕೆ ನಾಚ್ಕೆ ಆಯ್ತದಂತೆ. ನೀವು ಮನೇಲೇ ಇರಿ. ಒಲೆ ಮ್ಯಾಲೆ ಹಾಲೈತೆ, ಉಕ್ಕದಂಗೆ ನೋಡ್ಕಳಿ."

ಬೀದಿಯ ತಿರುವಿನಲ್ಲಿ ಹೆಂಗಸರ ನಗು ಮರೆಯಾಯಿತು. ರುದ್ರಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತರು. ಬೆಚ್ಚಗಿತ್ತು. ಹಾಲು ಕಾದ ಮೇಲೆ ಇಳಿಸಿದರು. ಆರುತ್ತಿದ್ದಂತೆ ಬೆರಳು ದಪ್ಪದ ಕೆನೆ ಕಟ್ಟಿತು. ಸುತ್ತಮುತ್ತ ಯಾರೂ ಇರಲಿಲ್ಲ. ಅವರು ಸಕ್ಕರೆ ಡಬ್ಬಿಗೆ ಕೈಚಾಚಿದರು.